ಪೆನ್‌ಡ್ರೈವ್ ಅಲ್ಲಿ ತೆರೆಯುತ್ತೆ, ಇಲ್ಲಿ ತೆರೆಯಲ್ಲ: ಫಾರ್ಮ್ಯಾಟ್ ಒತ್ತುವ ಮುಂಚೆ ನೋಡಬೇಕಾದದ್ದು

ದಾವಣಗೆರೆಯಲ್ಲಿ ಯಾವುದೇ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಪ್ರಾಜೆಕ್ಟ್ ಸಲ್ಲಿಸುವ ವಾರದಲ್ಲಿ ಹೋಗಿ ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: “ಅಣ್ಣಾ, ಲ್ಯಾಬಲ್ಲಿ ಓಪನ್ ಆಗಿತ್ತು, ಇಲ್ಲಿ ಆಗ್ತಿಲ್ಲ.” ಒಳಗಿನಿಂದ ಬರುವ ಉತ್ತರವೂ ಅಷ್ಟೇ ಪರಿಚಿತ: “ಫಾರ್ಮ್ಯಾಟ್ ಕೇಳ್ತಿದೆ, ಮಾಡ್ಲಾ?” ಹಿಂದೆ ಸಾಲು ನಿಂತಿರುತ್ತದೆ, ಹುಡುಗ ಹೂಂ ಅನ್ನುತ್ತಾನೆ. ವರ್ಷವಿಡೀ ಮಾಡಿದ ಕೆಲಸ ಕಣ್ಣೆದುರೇ ಹೋಗುತ್ತದೆ.

ಇಂಥ ಡ್ರೈವ್‌ಗಳಲ್ಲಿ ಬಹಳಷ್ಟು ಕೆಟ್ಟೇ ಇರುವುದಿಲ್ಲ. ಒಂದು ಯಂತ್ರ ಫೈಲ್‌ಗಳನ್ನು ತನಗೆ ಗೊತ್ತಿರುವ ವ್ಯವಸ್ಥೆಯಲ್ಲಿ (ಇದನ್ನೇ ಫೈಲ್ ಸಿಸ್ಟಮ್ ಎನ್ನುತ್ತಾರೆ) ಬರೆದಿರುತ್ತದೆ, ಇನ್ನೊಂದಕ್ಕೆ ಅದನ್ನು ಓದಲು ಬರುವುದಿಲ್ಲ, ಅಷ್ಟೇ. ಆದರೆ ಓದಲು ಬಾರದ ಯಂತ್ರ “ನನಗೆ ಇದು ಅರ್ಥವಾಗಲಿಲ್ಲ” ಎನ್ನುವುದಿಲ್ಲ, “ಫಾರ್ಮ್ಯಾಟ್ ಮಾಡಬೇಕೆ?” ಎಂದು ಕೇಳುತ್ತದೆ. ಹಾಗಾಗಿ ಕೆಳಗಿನ ಯಾವ ಲಕ್ಷಣ ಕಂಡರೂ ಮೊದಲ ಹೆಜ್ಜೆ ಒಂದೇ. ಫಾರ್ಮ್ಯಾಟ್, ಇನಿಶಿಯಲೈಸ್, ಎರೇಸ್ ಎಂಬ ಪದ ಪರದೆಯ ಮೇಲೆ ಬಂದರೆ ಕ್ಯಾನ್ಸಲ್ ಒತ್ತಿ, ಡ್ರೈವ್ ತೆಗೆದು ಕೈಯಲ್ಲಿಟ್ಟುಕೊಳ್ಳಿ.

## ಇದರಲ್ಲಿ ಕೊನೆಗೆ ಬರೆದ ಯಂತ್ರ ಯಾವುದು?

ಯಾವ ಉಪಕರಣವನ್ನೂ ಮುಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಪುಕ್ಕಟೆ ಪರೀಕ್ಷೆ, ಅರ್ಧ ಉತ್ತರ ಇದರಲ್ಲೇ ಇದೆ.

ವಿಂಡೋಸ್ ಗಣಕ ತನ್ನ ಡಿಸ್ಕ್‌ಗಳಿಗೆ ಬಳಸುವುದು ಎನ್‌ಟಿಎಫ್‌ಎಸ್ ಎಂಬ ಫೈಲ್ ಸಿಸ್ಟಮ್. 1993ರ ವಿಂಡೋಸ್ ಎನ್‌ಟಿ ಜೊತೆ ಬಂದದ್ದು. ಮ್ಯಾಕ್ ಇದನ್ನು ಓದುತ್ತದೆ, ಇದರಲ್ಲಿ ಬರೆಯುವುದಿಲ್ಲ. ಲಿನಕ್ಸ್ ಓದುತ್ತದೆ, ಬರೆಯುತ್ತದೆ. ಮ್ಯಾಕ್‌ನ ಸ್ವಂತದ್ದು ಎರಡು: 1998ರ ಎಚ್‌ಎಫ್‌ಎಸ್ ಪ್ಲಸ್ ಮತ್ತು 2017ರಿಂದ ಮ್ಯಾಕ್‌ಗಳಲ್ಲಿ ಬಂದ ಎಪಿಎಫ್‌ಎಸ್. ಬೇರೆ ತಂತ್ರಾಂಶ ಹಾಕದ ಹೊರತು ವಿಂಡೋಸ್ ಎರಡನ್ನೂ ಓದಲಾರದು. ಲಿನಕ್ಸ್‌ನ ಇಎಕ್ಸ್‌ಟಿ4 ಇದ್ದರೆ ವಿಂಡೋಸ್‌ಗೂ ಮ್ಯಾಕ್‌ಗೂ ಅದು ಬರೀ ಕತ್ತಲೆ. ಮೂವರೂ ಓದಿ ಬರೆಯಬಲ್ಲವು ಫ್ಯಾಟ್32 ಮತ್ತು ಎಕ್ಸ್‌ಫ್ಯಾಟ್.

ಎಕ್ಸ್‌ಫ್ಯಾಟ್‌ನಲ್ಲೂ ಒಂದು ಸೂಕ್ಷ್ಮವಿದೆ. ಮೈಕ್ರೋಸಾಫ್ಟ್ ಅದನ್ನು ತಂದದ್ದು 2006ರಲ್ಲಿ. ಮ್ಯಾಕ್‌ಗೆ 2010ರ ಹೊತ್ತಿಗೆ ಬಂತು. ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಒಳಗೆ ಸೇರಿದ್ದು ಮಾತ್ರ 2019ರಲ್ಲಿ, ಮೈಕ್ರೋಸಾಫ್ಟ್ ಅದರ ವಿವರಗಳನ್ನು ಬಹಿರಂಗಪಡಿಸಿದ ಮೇಲೆ. ಹಾಗಾಗಿ ಕಾಲೇಜಿನ ಲ್ಯಾಬ್‌ನಲ್ಲಿ ವರ್ಷಗಳಿಂದ ಅಪ್‌ಡೇಟ್ ಕಾಣದ ಉಬುಂಟು (ಲಿನಕ್ಸ್‌ನ ಒಂದು ರೂಪ) ಇದ್ದರೆ ನಿಮ್ಮ ಹೊಸ ಪೆನ್‌ಡ್ರೈವ್ ಅಲ್ಲಿ ತೆರೆಯದೇ ಇರಬಹುದು. ದೋಷ ಪೆನ್‌ಡ್ರೈವ್‌ನದಲ್ಲ. ಎಕ್ಸ್‌ಫ್ಯಾಟ್ ಓದುವ ಪ್ಯಾಕೇಜ್ ಹಾಕಲು ಲ್ಯಾಬ್‌ನವರನ್ನು ಕೇಳಿ.

## ಲಕ್ಷಣ: ಹಾಕಿದರೆ ಏನೂ ಕಾಣುವುದಿಲ್ಲ

ಬೇರೆ ಪೋರ್ಟ್‌ಗೆ ಹಾಕಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಕ್ಯಾಬಿನೆಟ್‌ನ ಹಿಂಬದಿಯದಕ್ಕೆ ಹಾಕಿ. ಹಿಂದಿನವು ಮದರ್‌ಬೋರ್ಡ್‌ಗೆ ನೇರ ಕೂತಿರುತ್ತವೆ, ಮುಂದಿನವು ಒಳಗಿನ ಒಂದು ವೈರಿನ ಮೇಲೆ ನಿಂತಿರುತ್ತವೆ. ಹಬ್ ಇದ್ದರೆ ತೆಗೆದು ನೇರವಾಗಿ ಚುಚ್ಚಿ. ಹಾರ್ಡ್‌ಡಿಸ್ಕ್ ಆದರೆ ಕೇಬಲ್ ಬದಲಿಸಿ. ಟೈಪ್ ಸಿ ಕೇಬಲ್‌ಗಳಲ್ಲಿ ಬರೀ ಚಾರ್ಜ್‌ಗೆಂದೇ ಮಾಡಿದ ಅಗ್ಗದವು ಇರುತ್ತವೆ, ಅವುಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ದೀಪ ಹತ್ತುತ್ತದೆ, ಡಿಸ್ಕ್ ಮಾತ್ರ ಬರುವುದಿಲ್ಲ.

ವಿದ್ಯುತ್ತಿನ ಲೆಕ್ಕವನ್ನೂ ನೋಡಿ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿ ಆಂಪಿಯರ್, 3.0 ಕೊಡುವುದು 900. ಚಿಕ್ಕ 2.5 ಇಂಚಿನ ಹಾರ್ಡ್‌ಡಿಸ್ಕ್ ಶುರುವಾಗುವಾಗ ಹಳೆಯ ಪೋರ್ಟ್‌ಗೆ ಅದು ಭಾರವಾಗುತ್ತದೆ. ಒಳಗೆ ತಿರುಗಲು ಹೊರಟು ನಿಲ್ಲುವ ಸದ್ದು, ಮತ್ತೆ ಹೊರಟು ಮತ್ತೆ ನಿಲ್ಲುವುದು ಕೇಳಿದರೆ ಮೊದಲು ನೀಲಿ ಬಣ್ಣದ (3.0) ಪೋರ್ಟ್‌ಗೆ, ಗಿಡ್ಡ ಕೇಬಲ್‌ನಲ್ಲಿ ಹಾಕಿ ನೋಡಿ. ಅಲ್ಲಿಯೂ ಅದೇ ಸದ್ದಾದರೆ ಕೆಳಗಿನ ‘ಕಟ್ ಕಟ್’ ಭಾಗಕ್ಕೆ ಹೋಗಿ.

ಒಂದು ಎಚ್ಚರಿಕೆ. 3.5 ಇಂಚಿನ ದೊಡ್ಡ ಡಿಸ್ಕ್‌ಗಳಿಗೆ ಪ್ರತ್ಯೇಕ 12 ವೋಲ್ಟ್ ಅಡಾಪ್ಟರ್ ಬೇಕು. ಪಿನ್ ಕೂತಿತೆಂದು 19 ವೋಲ್ಟ್‌ನ ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಿದರೆ ಡಿಸ್ಕ್‌ನ ಬೋರ್ಡ್ ಸುಟ್ಟುಹೋಗುತ್ತದೆ. ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದಿ, ವೋಲ್ಟ್ ಹೊಂದಿದರೆ ಮಾತ್ರ ಹಾಕಿ.

ಇಷ್ಟಾದರೂ ಕಾಣದಿದ್ದರೆ ಡ್ರೈವ್ ಗಣಕಕ್ಕೆ ತಲುಪಿದೆಯೇ ಎಂದು ನೋಡಬೇಕು. ವಿಂಡೋಸ್‌ನಲ್ಲಿ ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿ ತೆರೆದು ವ್ಯೂ ಮೆನುವಿನಲ್ಲಿ ಶೋ ಆಲ್ ಡಿವೈಸಸ್ ಆರಿಸಿ. ಉಬುಂಟುವಿನಲ್ಲಿ ಡಿಸ್ಕ್ಸ್ ಎಂಬ ತಂತ್ರಾಂಶ ಇದೆ. ಅಲ್ಲಿ ಕಂಡದ್ದಕ್ಕೆ ಮೂರು ಅರ್ಥ ಇರಬಹುದು. ಡ್ರೈವ್ ಇದೆ, ಗಾತ್ರವೂ ಸರಿಯಿದೆ, ಡಿ, ಇ ಎಂಬಂಥ ಅಕ್ಷರ ಮಾತ್ರ ಇಲ್ಲ ಎಂದಾದರೆ ಡ್ರೈವ್ ಲೆಟರ್ ಕೊಟ್ಟರೆ ಸಾಕು. ನೆಟ್‌ವರ್ಕ್ ಡ್ರೈವ್‌ಗಳಿರುವ ಕಚೇರಿ ಗಣಕಗಳಲ್ಲಿ ಈ ಅಕ್ಷರದ ಘರ್ಷಣೆ ಸಾಮಾನ್ಯ. ಡ್ರೈವ್ ಇದೆ, ಫೈಲ್ ಸಿಸ್ಟಮ್ ಹೆಸರಿನ ಜಾಗ ಖಾಲಿಯಿದೆ ಅಥವಾ ‘ರಾ’ ಎಂದಿದೆ ಎಂದಾದರೆ ಮುಂದಿನ ಭಾಗ ಓದಿ. ಹೆಸರಿದೆ, ‘ನೋ ಮೀಡಿಯಾ’ ಅನ್ನುತ್ತದೆ ಅಥವಾ ಗಾತ್ರ ಸೊನ್ನೆ ತೋರಿಸುತ್ತದೆ ಎಂದಾದರೆ ಪೆನ್‌ಡ್ರೈವ್‌ನ ಕಂಟ್ರೋಲರ್ ಚಿಪ್ ಒಳಗಿನ ಮೆಮೊರಿಯನ್ನು ಕಳೆದುಕೊಂಡಿದೆ. ಇದಕ್ಕೆ ಮನೆಯಲ್ಲಿ ಮಾಡುವ ಉಪಾಯವಿಲ್ಲ. ಒಳಗೆ ಬೇಕಾದದ್ದಿದ್ದರೆ ಅಲ್ಲಿಗೇ ನಿಲ್ಲಿಸಿ.

ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿಯಲ್ಲಿ ಚೆನ್ನಾಗಿ ಕಾಣುತ್ತಿದ್ದು ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಕಾಣದಿದ್ದರೆ ಫೈಂಡರ್ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಟರ್ನಲ್ ಡಿಸ್ಕ್ಸ್ ಎದುರು ಟಿಕ್ ಹಾಕಿ. ಫೋನ್‌ಗೆ ಒಟಿಜಿ (ಫೋನ್‌ಗೆ ಪೆನ್‌ಡ್ರೈವ್ ಜೋಡಿಸುವ ಕೊಂಡಿ) ಮೂಲಕ ಚುಚ್ಚಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಒಟಿಜಿ ಎಂದು ಹುಡುಕಿ. ಕೆಲವು ಫೋನ್‌ಗಳಲ್ಲಿ ಅದನ್ನು ಕೈಯಾರೆ ಆನ್ ಮಾಡಬೇಕು, ಸ್ವಲ್ಪ ಹೊತ್ತು ಬಳಸದಿದ್ದರೆ ಅದು ತಾನಾಗಿ ಆಫ್ ಆಗುತ್ತದೆ.

## ಲಕ್ಷಣ: “ಫಾರ್ಮ್ಯಾಟ್ ಮಾಡಬೇಕೆ?” ಎಂದು ಕೇಳುತ್ತದೆ

ವಿಂಡೋಸ್‌ನಲ್ಲಿ ಇದು ಫಾರ್ಮ್ಯಾಟ್ ಡಿಸ್ಕ್ ಎಂಬ ಬಟನ್ ಆಗಿ ಬರುತ್ತದೆ. ಮ್ಯಾಕ್‌ನಲ್ಲಿ, ಈ ಡಿಸ್ಕ್ ಓದಲಾಗಲಿಲ್ಲ ಎಂಬ ಸಂದೇಶದ ಕೆಳಗೆ ಇನಿಶಿಯಲೈಸ್, ಇಗ್ನೋರ್, ಇಜೆಕ್ಟ್ ಎಂಬ ಮೂರು ಆಯ್ಕೆ ಬರುತ್ತವೆ. ಇಜೆಕ್ಟ್ ಒತ್ತಿ.

ಡ್ರೈವ್ ಮ್ಯಾಕ್‌ನಿಂದ ಬಂದದ್ದಾದರೆ ವಿಂಡೋಸ್ ಹೀಗೆ ಕೇಳುವುದು ಸಹಜ. ನಗರದಲ್ಲಿ ಆಲ್ಬಮ್ ಡಿಸೈನ್, ವಿಡಿಯೊ ಎಡಿಟಿಂಗ್ ಮಾಡುವವರಲ್ಲಿ ಮ್ಯಾಕ್ ಬಳಸುವವರಿದ್ದಾರೆ. ಮದುವೆ ಮನೆಯವರಿಗೆ ಅವರು ಕೊಟ್ಟ ಹಾರ್ಡ್‌ಡಿಸ್ಕ್ ಮನೆಯ ಲ್ಯಾಪ್‌ಟಾಪ್‌ನಲ್ಲಿ ತೆರೆಯುವುದಿಲ್ಲ. ಆ ಡಿಸ್ಕನ್ನು ರಿಪೇರಿಗೆ ಒಯ್ಯಬೇಡಿ, ಕೊಟ್ಟವರ ಬಳಿಗೇ ಒಯ್ಯಿರಿ; ಎಕ್ಸ್‌ಫ್ಯಾಟ್ ಇರುವ ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿಸಿಕೊಳ್ಳಿ.

ಲಿನಕ್ಸ್ ಇನ್‌ಸ್ಟಾಲ್ ಮಾಡಲು ಬೂಟ್ ಆಗುವಂತೆ ಮಾಡಿದ ಪೆನ್‌ಡ್ರೈವ್ ವಿಂಡೋಸ್‌ಗೆ ಹಾಕಿದರೆ ಒಂದರ ಮೇಲೊಂದು ಫಾರ್ಮ್ಯಾಟ್ ಕಿಟಕಿಗಳು ತೆರೆದುಕೊಳ್ಳಬಹುದು. ಒಳಗೆ ಹಲವು ಪಾರ್ಟಿಶನ್ (ಡ್ರೈವ್‌ನ ಪ್ರತ್ಯೇಕ ಭಾಗ) ಇರುತ್ತವೆ, ಪ್ರತಿಯೊಂದಕ್ಕೂ ಒಂದು ಪ್ರಶ್ನೆ. ಎಲ್ಲಕ್ಕೂ ಕ್ಯಾನ್ಸಲ್.

ವಿಂಡೋಸ್‌ನ ಬೀಗವಾದ ಬಿಟ್‌ಲಾಕರ್ ಹಾಕಿದ ಡ್ರೈವ್ ಇದ್ದರೆ ವಿಂಡೋಸ್ ಪಾಸ್‌ವರ್ಡ್ ಕೇಳುತ್ತದೆ, ಮ್ಯಾಕ್ ಮಾತ್ರ ಓದಲಾಗಲಿಲ್ಲ ಎಂದುಬಿಡುತ್ತದೆ. ಕಚೇರಿಯಿಂದ ಬಂದ ಡ್ರೈವ್ ಆದರೆ ಇದನ್ನೇ ಮೊದಲು ಅನುಮಾನಿಸಿ. ಪಾಸ್‌ವರ್ಡ್ ಮರೆತಿದ್ದರೆ 48 ಅಂಕಿಯ ರಿಕವರಿ ಕೀ ಹುಡುಕಿ. ಅದೂ ಇಲ್ಲದಿದ್ದರೆ ಯಾವ ಅಂಗಡಿಯವರೂ ತೆಗೆದುಕೊಡಲಾರರು, ತೆಗೆದುಕೊಡುತ್ತೇವೆ ಎಂದವರಿಗೆ ಹಣ ಕೊಡಬೇಡಿ.

ಈಗ ಕಷ್ಟದ ಪ್ರಸಂಗ. ನಿನ್ನೆ ಇದೇ ಗಣಕದಲ್ಲಿ ಬರೆದದ್ದು, ಇಂದು ಇದೇ ಗಣಕ ಫಾರ್ಮ್ಯಾಟ್ ಕೇಳುತ್ತಿದೆ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ರಾ’ ಎಂದು ಕಾಣುತ್ತಿದೆ. ಇದರರ್ಥ ಯಾವ ಫೈಲ್ ಎಲ್ಲಿದೆ ಎಂದು ಬರೆದಿಟ್ಟ ಪಟ್ಟಿ ಹಾಳಾಗಿದೆ. ಫೈಲ್‌ಗಳು ಇನ್ನೂ ಒಳಗೇ ಇರುವ ಸಾಧ್ಯತೆ ಹೆಚ್ಚು. ಈ ಸ್ಥಿತಿಯಲ್ಲಿ ವಿಂಡೋಸ್‌ನ ಚೆಕ್ ಡಿಸ್ಕ್ ಓಡಿಸಬೇಡಿ. ಅದು ಪಟ್ಟಿಯನ್ನು ಸರಿಮಾಡಲು ಹೊರಟು ತನಗೆ ಹೊಂದದ್ದನ್ನೆಲ್ಲ ಕತ್ತರಿಸುತ್ತದೆ. ಟೆಸ್ಟ್‌ಡಿಸ್ಕ್, ಫೋಟೊರೆಕ್ ಎಂಬ ಎರಡು ಉಚಿತ ತಂತ್ರಾಂಶಗಳಿವೆ, ಮೂರೂ ವ್ಯವಸ್ಥೆಗಳಲ್ಲಿ ಓಡುತ್ತವೆ. ಹಿಂಪಡೆದ ಫೈಲ್‌ಗಳನ್ನು ಅದೇ ಡ್ರೈವ್‌ಗೆ ಎಂದೂ ಉಳಿಸಬಾರದು. ಫೋಟೊರೆಕ್ ಮೂಲ ಹೆಸರು, ಫೋಲ್ಡರ್ ಎರಡನ್ನೂ ಉಳಿಸಿಕೊಡುವುದಿಲ್ಲ, ಅದಕ್ಕೆ ಸಿದ್ಧವಾಗಿರಿ. ಇದರಲ್ಲಿ ಕೈ ಪಳಗಿಲ್ಲದಿದ್ದರೆ, ಒಳಗಿರುವುದು ಮತ್ತೆ ಸಿಗದ ವಸ್ತುವಾದರೆ, ನೀವು ಪ್ರಯೋಗ ಮಾಡದಿರುವುದೇ ಮೇಲು.

## ಲಕ್ಷಣ: ತೆರೆಯುತ್ತದೆ, ಓದಬಹುದು, ಬರೆಯಲು ಬಿಡುವುದಿಲ್ಲ

ಮ್ಯಾಕ್‌ನಲ್ಲಿ ಹೀಗಾದರೆ ಡ್ರೈವ್ ಹೆಚ್ಚಾಗಿ ಎನ್‌ಟಿಎಫ್‌ಎಸ್. ಐಕಾನ್ ಮೇಲೆ ಗೆಟ್ ಇನ್ಫೊ ಕೊಟ್ಟರೆ ಅಲ್ಲೇ ಬರೆದಿರುತ್ತದೆ. ಒಮ್ಮೆ ಬೇಕಾದ್ದನ್ನು ಮ್ಯಾಕ್‌ಗೆ ಕಾಪಿ ಮಾಡಿಕೊಳ್ಳಿ, ಆಮೇಲೆ ನಿಧಾನವಾಗಿ ಯೋಚಿಸಿ. ಎನ್‌ಟಿಎಫ್‌ಎಸ್‌ಗೆ ಬರೆಯಲು ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳಿವೆ. ಎರಡು ಕಡೆ ಓಡಾಡುವ ಡಿಸ್ಕ್ ಆದರೆ ಎಕ್ಸ್‌ಫ್ಯಾಟ್‌ಗೆ ಬದಲಿಸುವುದೇ ನೆಟ್ಟಗಿನ ದಾರಿ ಎನ್ನುವುದು ನನ್ನ ನಿಲುವು.

ಕ್ಯಾಮೆರಾದ ಎಸ್‌ಡಿ ಕಾರ್ಡ್ ಆದರೆ ಪಕ್ಕದ ಪುಟ್ಟ ಲಾಕ್ ಕೆಳಗೆ ಜಾರಿದೆಯೇ ನೋಡಿ.

ಲಿನಕ್ಸ್‌ನಲ್ಲಿ ಹೀಗಾದರೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್, ಉಬುಂಟು ಎರಡೂ ಇರುವುದು ಈಗ ಮಾಮೂಲು. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಇದೆ. ಶಟ್‌ಡೌನ್ ಕೊಟ್ಟರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ತನ್ನ ಅರ್ಧ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಹೋಗುತ್ತದೆ. ಆಗ ಎನ್‌ಟಿಎಫ್‌ಎಸ್ ಪಾರ್ಟಿಶನ್‌ಗಳು ಇನ್ನೂ ವಿಂಡೋಸ್ ಕೈಯಲ್ಲೇ ಇವೆ ಎಂಬ ಗುರುತು ಉಳಿಯುತ್ತದೆ. ಶಟ್‌ಡೌನ್ ಮಾಡುವಾಗ ಚುಚ್ಚಿಯೇ ಇದ್ದ ಹಾರ್ಡ್‌ಡಿಸ್ಕ್‌ಗೂ ಇದು ತಗಲುತ್ತದೆ. ಆಮೇಲೆ ಬಂದ ಲಿನಕ್ಸ್ ಆ ಗುರುತು ನೋಡಿ, ಬರೆದರೆ ಎರಡು ವ್ಯವಸ್ಥೆಗಳ ಲೆಕ್ಕ ಕಲಸಿಹೋಗುತ್ತದೆಂದು, ಓದಲು ಮಾತ್ರ ಬಿಡುತ್ತದೆ ಅಥವಾ ತೆರೆಯುವುದನ್ನೇ ನಿರಾಕರಿಸುತ್ತದೆ. ಲಿನಕ್ಸ್ ಇಲ್ಲಿ ನಿಮ್ಮ ಡೇಟಾವನ್ನು ಕಾಯುತ್ತಿದೆ.

ಸರಿ ದಾರಿ ಇದು: ವಿಂಡೋಸ್‌ಗೆ ಹಿಂತಿರುಗಿ, ಡ್ರೈವ್ ಚುಚ್ಚಿ, ಅದರ ಪ್ರಾಪರ್ಟೀಸ್‌ನಲ್ಲಿ ಟೂಲ್ಸ್‌ಗೆ ಹೋಗಿ ಚೆಕ್ ಕೊಡಿ. ನಂತರ ಸೇಫ್ಲಿ ರಿಮೂವ್ ಮಾಡಿ. ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಕ್ಲಿಕ್ಕಿಸಿದರೆ ವಿಂಡೋಸ್ ಪೂರ್ತಿಯಾಗಿ ಮುಚ್ಚುತ್ತದೆ. ರೀಸ್ಟಾರ್ಟ್ ಕೊಟ್ಟರೂ ಅಷ್ಟೇ. ಎರಡು ವ್ಯವಸ್ಥೆ ಇಟ್ಟುಕೊಂಡವರು ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆದುಬಿಡುವುದು ಒಳ್ಳೆಯದು. ಲಿನಕ್ಸ್‌ನಲ್ಲಿ ಬಲವಂತವಾಗಿ ಮೌಂಟ್ ಮಾಡುವ, ಅಂದರೆ ಡ್ರೈವ್ ತೆರೆಸುವ, ಆದೇಶಗಳು ಹುಡುಕಿದರೆ ಸಿಗುತ್ತವೆ. ವಿಂಡೋಸ್ ಉಳಿಸಿಟ್ಟ ಕೆಲಸವನ್ನು ಅವು ಅಳಿಸಬಹುದು. ವಿಂಡೋಸ್ ಇರುವ ಯಂತ್ರ ಕೈಗೆಟಕುವಾಗ ಅವುಗಳ ತಂಟೆಗೆ ಹೋಗಬೇಡಿ.

ಡ್ರೈವ್ ಇಎಕ್ಸ್‌ಟಿ4 ಆಗಿದ್ದು ಬೇರೆ ಲಿನಕ್ಸ್ ಗಣಕದಲ್ಲಿ ಬರೆಯಲಾಗದಿದ್ದರೆ ಅದು ಮಾಲೀಕತ್ವದ ಪ್ರಶ್ನೆ. ಆ ವ್ಯವಸ್ಥೆಯಲ್ಲಿ ಪ್ರತಿ ಫೈಲ್‌ಗೂ ಒಬ್ಬ ಬಳಕೆದಾರ ಒಡೆಯನಾಗಿರುತ್ತಾನೆ, ಅಲ್ಲಿನ ನೀವು ಇಲ್ಲಿನ ನೀವಲ್ಲ. ಅಡ್ಮಿನ್ ಅನುಮತಿಯಿಂದ ಒಡೆತನ ಬದಲಿಸಬೇಕು.

ಯಾವ ಗಣಕದಲ್ಲೂ, ಯಾವ ವ್ಯವಸ್ಥೆಯಲ್ಲೂ ಬರೆಯಲಾಗದ ಹಳೆಯ ಪೆನ್‌ಡ್ರೈವ್, ಫಾರ್ಮ್ಯಾಟ್ ಕೂಡ ಆಗುತ್ತಿಲ್ಲ, ರೈಟ್ ಪ್ರೊಟೆಕ್ಟೆಡ್ ಅನ್ನುತ್ತಿದೆ: ಅದರ ಮೆಮೊರಿ ಸವೆದಿದೆ. ಕೆಲವು ಕಂಟ್ರೋಲರ್‌ಗಳು ಸವೆತ ಮಿತಿ ಮುಟ್ಟಿದಾಗ ಬರೆಯುವುದನ್ನು ನಿಲ್ಲಿಸಿ ಓದಲಷ್ಟೇ ಬಿಡುತ್ತವೆ. ಇದ್ದದ್ದನ್ನು ಇವತ್ತೇ ತೆಗೆದುಕೊಳ್ಳಿ.

## ಲಕ್ಷಣ: ಜಾಗ ಇದೆ, ಆದರೂ ದೊಡ್ಡ ಫೈಲ್ ಹೋಗುವುದಿಲ್ಲ

ಮದುವೆ ವಿಡಿಯೊ 6 ಜಿಬಿ, ಪೆನ್‌ಡ್ರೈವ್‌ನಲ್ಲಿ 28 ಜಿಬಿ ಖಾಲಿ, ಆದರೂ ಫೈಲ್ ತುಂಬಾ ದೊಡ್ಡದು ಎನ್ನುತ್ತದೆ. ಡ್ರೈವ್ ಫ್ಯಾಟ್32 ಆಗಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ, ಒಂದು ಬೈಟ್ ಕಡಿಮೆಯೇ ಗರಿಷ್ಠ. ಹಳೆಯ ಕ್ಯಾಮೆರಾಗಳು ದೀರ್ಘ ವಿಡಿಯೊವನ್ನು ತುಂಡು ತುಂಡಾಗಿ ಉಳಿಸುವುದೂ ಇದೇ ಕಾರಣಕ್ಕೆ. 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡ್‌ಗಳು ಫ್ಯಾಟ್32, ಅದಕ್ಕಿಂತ ದೊಡ್ಡ ಎಸ್‌ಡಿಎಕ್ಸ್‌ಸಿ ಕಾರ್ಡ್‌ಗಳು ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ.

ಒಳಗಿರುವುದನ್ನು ಬೇರೆ ಕಡೆ ಕಾಪಿ ಮಾಡಿಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಈ ಕೆಲಸವನ್ನು ವಿಂಡೋಸ್ ಗಣಕದಲ್ಲೇ ಮಾಡಿದರೆ ಮುಂದೆ ತಕರಾರು ಕಡಿಮೆ. ಮ್ಯಾಕ್‌ನಲ್ಲೇ ಮಾಡಬೇಕಾದರೆ ಸ್ಕೀಮ್ (ಡಿಸ್ಕ್‌ನ ಭಾಗಗಳ ಪಟ್ಟಿ ಬರೆಯುವ ಕ್ರಮ) ಎಂಬ ಆಯ್ಕೆಯನ್ನೂ ಗಮನಿಸಿ: ಟಿವಿಗೆ, ಕಾರಿನ ಸ್ಟೀರಿಯೊಗೆ ಹಾಕುವ ಪೆನ್‌ಡ್ರೈವ್ ಆದರೆ ಮಾಸ್ಟರ್ ಬೂಟ್ ರೆಕಾರ್ಡ್, 2 ಟಿಬಿಗಿಂತ ದೊಡ್ಡ ಡಿಸ್ಕ್ ಆದರೆ ಜಿಯುಐಡಿ. ಟಿವಿಗಳ ವಿಷಯದಲ್ಲಿ ಒಂದು ನಿಯಮ ಹೇಳಲಾಗದು, ಕೆಲವು ಎಕ್ಸ್‌ಫ್ಯಾಟ್ ಓದುತ್ತವೆ, ಕೆಲವು ಎನ್‌ಟಿಎಫ್‌ಎಸ್, ಕೆಲವು ಫ್ಯಾಟ್32 ಮಾತ್ರ. ಕಾರಿನಲ್ಲಿ ಹಾಡು ಕೇಳಲು ಫ್ಯಾಟ್32 ಸಾಕು.

## ಲಕ್ಷಣ: ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ

ಹಲವರ ಪೆನ್‌ಡ್ರೈವ್ ಒಂದೇ ಗಣಕಕ್ಕೆ ಬೀಳುವ ಕಡೆ ಇದು ಹರಡುತ್ತದೆ. ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಸೈಬರ್, ಲ್ಯಾಬ್. ಹಾಲ್ ಟಿಕೆಟ್ ಪ್ರಿಂಟ್ ಹಾಕಿಸಿಕೊಂಡು ಮನೆಗೆ ಬಂದರೆ ಫೋಲ್ಡರ್‌ಗಳ ಮೇಲೆ ಬಾಗಿದ ಬಾಣದ ಗುರುತು, ಒಳಗೆ ಒಂದೆರಡು ಕೆಬಿ. ಎಲ್ಲ ಹೋಯಿತೆಂದು ಗಾಬರಿ.

ಹೋಗಿಲ್ಲ. ವೈರಸ್ ನಿಮ್ಮ ಫೋಲ್ಡರ್‌ಗಳನ್ನು ಮರೆಮಾಡಿ ಅವುಗಳ ಹೆಸರಿನಲ್ಲಿ ಶಾರ್ಟ್‌ಕಟ್ ಇಟ್ಟಿದೆ. ಆ ಶಾರ್ಟ್‌ಕಟ್ ಒತ್ತಿದರೆ ನಿಮ್ಮ ಫೋಲ್ಡರೂ ತೆರೆಯುತ್ತದೆ, ಜೊತೆಗೆ ವೈರಸ್ ಕೂಡ ಈ ಗಣಕಕ್ಕೆ ಇಳಿಯುತ್ತದೆ. ಒತ್ತಬೇಡಿ.

ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ಅಲ್ಲಿ ತೆರೆಯಿರಿ. ವಿಂಡೋಸ್‌ಗೆಂದು ಬರೆದ ಈ ವೈರಸ್ ಅಲ್ಲಿ ಓಡುವುದಿಲ್ಲ. ಲಿನಕ್ಸ್‌ನಲ್ಲಿ ಮೂಲ ಫೋಲ್ಡರ್‌ಗಳು ಸಾಮಾನ್ಯವಾಗಿ ನೇರವಾಗೇ ಕಾಣುತ್ತವೆ. ಬರೀ ವಿಂಡೋಸ್ ಇದ್ದರೆ, ಫೋಲ್ಡರ್ ಆಪ್ಶನ್ಸ್‌ನ ವ್ಯೂ ಟ್ಯಾಬ್‌ನಲ್ಲಿ ಹಿಡನ್ ಫೈಲ್ಸ್ ತೋರಿಸುವಂತೆ ಮಾಡಿ, ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್ ಮರೆಮಾಡುವ ಟಿಕ್ಕನ್ನೂ ತೆಗೆಯಿರಿ. ಎರಡನೆಯದನ್ನು ತೆಗೆಯದಿದ್ದರೆ ಏನೂ ಕಾಣುವುದಿಲ್ಲ, ಜನ ಇಲ್ಲೇ ಸೋತು ಕೈಬಿಡುತ್ತಾರೆ. ಹೆಸರಿಲ್ಲದ ಫೋಲ್ಡರ್ ಒಂದು ಮಸುಕಾಗಿ ಕಂಡರೆ ನಿಮ್ಮದೆಲ್ಲ ಅದರೊಳಗಿರಬಹುದು. ಡಾಕ್ಯುಮೆಂಟ್, ಫೋಟೊ, ವಿಡಿಯೊ ಇಷ್ಟನ್ನೇ ಹೊರತೆಗೆದುಕೊಳ್ಳಿ. ನಂತರ ವಿಂಡೋಸ್ ಡಿಫೆಂಡರ್‌ನಿಂದ ಗಣಕದ ಪೂರ್ತಿ ಸ್ಕ್ಯಾನ್ ಮಾಡಿ, ಆಮೇಲೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಗಣಕ ಶುದ್ಧವಾಗದೆ ಪೆನ್‌ಡ್ರೈವ್ ಮಾತ್ರ ಶುದ್ಧ ಮಾಡಿದರೆ ಮರುಕ್ಷಣ ಮತ್ತೆ ಅದೇ.

ಅಂಗಡಿಗೆ ಒಯ್ಯುವ ಪೆನ್‌ಡ್ರೈವ್ ಬೇರೆಯೇ ಇರಲಿ, ಅದರಲ್ಲಿ ಪ್ರಿಂಟ್ ಆಗಬೇಕಾದ ಪಿಡಿಎಫ್ ಬಿಟ್ಟು ಬೇರೇನೂ ಬೇಡ. ದಾರಿಯಲ್ಲಿ ಸಿಕ್ಕ ಪೆನ್‌ಡ್ರೈವ್ ಚುಚ್ಚಲೇಬೇಡಿ.

## ಲಕ್ಷಣ: ಪ್ರತಿ ಫೈಲ್‌ಗೂ ಒಂದು ಜೋಡಿ, ಅಳಿಸಿದರೂ ಜಾಗ ಬರುವುದಿಲ್ಲ

ಮ್ಯಾಕ್‌ನಿಂದ ಬಂದ ಪೆನ್‌ಡ್ರೈವ್‌ನಲ್ಲಿ ಒಂದೇ ಹೆಸರಿನ ಎರಡು ಪಿಡಿಎಫ್ ಕಾಣಬಹುದು. ಒಂದರ ಹೆಸರು ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗುತ್ತದೆ, ಗಾತ್ರ ಕೆಲವೇ ಕೆಬಿ. ಅಂಗಡಿಯವರು ಅದನ್ನು ತೆರೆದು “ಫೈಲ್ ಕರಪ್ಟ್ ಆಗಿದೆ” ಎನ್ನುತ್ತಾರೆ. ಅದು ಮ್ಯಾಕ್ ತನ್ನ ಹೆಚ್ಚುವರಿ ಮಾಹಿತಿ ಇಟ್ಟುಕೊಂಡ ಪುಟ್ಟ ಫೈಲ್, ನಿಮ್ಮದು ಪಕ್ಕದ್ದು.

ಮ್ಯಾಕ್‌ನಲ್ಲಿ ಅಥವಾ ಉಬುಂಟುವಿನಲ್ಲಿ ಪೆನ್‌ಡ್ರೈವ್‌ನ ಫೈಲ್ ಅಳಿಸಿದರೆ ಅದು ಡ್ರೈವ್‌ನೊಳಗಿನ ಮರೆಯಾದ ಕಸದ ಫೋಲ್ಡರ್‌ಗೆ ಹೋಗಿ ಅಲ್ಲೇ ಕೂತಿರುತ್ತದೆ. ಡ್ರೈವ್ ಚುಚ್ಚಿರುವಾಗಲೇ ಟ್ರ್ಯಾಶ್ ಖಾಲಿ ಮಾಡಿ.

## ಲಕ್ಷಣ: ಫೈಲ್ ತೆರೆಯಿತು, ಕನ್ನಡ ಮಾತ್ರ ಅಯೋಮಯ

ಇದು ಡ್ರೈವ್‌ನ ದೋಷವೇ ಅಲ್ಲ, ಆದರೂ ಪೆನ್‌ಡ್ರೈವ್ ವೈರಸ್ ಎಂದುಕೊಂಡು ಬರುವವರಿದ್ದಾರೆ. ಲಗ್ನಪತ್ರಿಕೆ, ಕರಪತ್ರ, ಅರ್ಜಿಗಳನ್ನು ಡಿಟಿಪಿಯವರು ನುಡಿ, ಶ್ರೀಲಿಪಿಯಂಥ ಹಳೆಯ ಕ್ರಮದ ಫಾಂಟ್‌ಗಳಲ್ಲಿ ಟೈಪ್ ಮಾಡುವುದುಂಟು. ಒಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ. ಆ ಫಾಂಟ್ ಇಲ್ಲದ ಮ್ಯಾಕ್‌ಗೋ ಫೋನ್‌ಗೋ ಫೈಲ್ ಹೋದರೆ ಕಾಣುವುದು ರೋಮನ್ ಅಕ್ಷರಗಳ ಮೇಲೆ ಗೀರು ಚುಕ್ಕೆಗಳು. ಫಾಂಟ್ ಹಾಕಿ, ಅಥವಾ ಎಲ್ಲ ಯಂತ್ರಗಳೂ ಓದುವ ಯುನಿಕೋಡ್‌ಗೆ ಪರಿವರ್ತಿಸಿ, ಅಥವಾ ಟೈಪ್ ಮಾಡಿದ ಕಡೆಯಲ್ಲೇ ಪಿಡಿಎಫ್ ಮಾಡಿಸಿಕೊಳ್ಳಿ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಇನ್ನೊಂದು. ಹಾಗೆ ಇಡುವುದನ್ನು ಯಾರೂ ಬಿಡಬಾರದು, ಯುನಿಕೋಡ್ ಹೆಸರು ಮೂರೂ ಕಡೆ ಚೆನ್ನಾಗಿ ನಡೆಯುತ್ತದೆ. ಆದರೆ ಉದ್ದದ ಲೆಕ್ಕ ಬೇರೆ ಬೇರೆ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್‌ಗಳಲ್ಲಿ ಮಿತಿ 255 ಅಕ್ಷರ ಸಂಕೇತ. ಇಎಕ್ಸ್‌ಟಿ4ರಲ್ಲಿ ಮಿತಿ 255 ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೂ ಅಲ್ಲಿ 3 ಬೈಟ್. ಅಂದರೆ 85 ಸಂಕೇತಕ್ಕೇ ಮುಗಿಯಿತು. ‘ಷ್ಟ್ರ’ ಒಂದೇ ಒತ್ತಕ್ಷರ 5 ಸಂಕೇತ, 15 ಬೈಟ್. ಪ್ರಬಂಧದ ಪೂರ್ತಿ ಶೀರ್ಷಿಕೆಯನ್ನೇ ಫೈಲ್ ಹೆಸರು ಮಾಡಿದರೆ ವಿಂಡೋಸ್‌ನಿಂದ ಲಿನಕ್ಸ್‌ಗೆ ಕಾಪಿ ಆಗದೆ, ಹೆಸರು ಉದ್ದವಾಯಿತು ಎಂಬ ದೂರು ಬರುತ್ತದೆ. ಹೆಸರು ಚಿಕ್ಕದು ಮಾಡಿದರೆ ಆಯಿತು. ಲಿನಕ್ಸ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೋಲನ್, ಉದ್ಧರಣ ಚಿಹ್ನೆ ಇರುವ ಹೆಸರಿಟ್ಟಿದ್ದರೆ ಅವನ್ನೂ ತೆಗೆಯಿರಿ, ವಿಂಡೋಸ್ ಅವನ್ನು ಒಪ್ಪುವುದಿಲ್ಲ.

## ಲಕ್ಷಣ: ಕಾಪಿ ಆಗಿತ್ತು, ಮನೆಗೆ ಬಂದರೆ ಫೈಲ್ ಇಲ್ಲ ಅಥವಾ ಅರ್ಧ ಇದೆ

ಬೇಗ ಕಿತ್ತದ್ದು ಮೊದಲ ಕಾರಣ. ಲಿನಕ್ಸ್‌ನಲ್ಲಿ ಕಾಪಿ ಎಷ್ಟಾಯಿತೆಂದು ತೋರಿಸುವ ಪಟ್ಟಿ ಪೂರ್ತಿ ತುಂಬಿದರೂ ಡೇಟಾ ಇನ್ನೂ ರ್‍ಯಾಮ್‌ನಲ್ಲೇ ಇದ್ದು ಹಿನ್ನೆಲೆಯಲ್ಲಿ ಇಳಿಯುತ್ತಿರುತ್ತದೆ. ಇಜೆಕ್ಟ್ ಕೊಟ್ಟು, ತೆಗೆಯಬಹುದು ಎಂಬ ಸೂಚನೆ ಬರುವವರೆಗೂ ಕಾಯಿರಿ. ವಿಂಡೋಸ್ 10ರ 2018ರ ಆವೃತ್ತಿಯಿಂದ ಈಚೆಗೆ ಕ್ವಿಕ್ ರಿಮೂವಲ್ ಎಂಬುದೇ ರೂಢಿಯ ವ್ಯವಸ್ಥೆ, ಹಾಗಾಗಿ ಅಲ್ಲಿ ಅಪಾಯ ಕಡಿಮೆ. ಆದರೆ ಎಕ್ಸ್‌ಫ್ಯಾಟ್‌ಗೆ ಎನ್‌ಟಿಎಫ್‌ಎಸ್‌ನಂತೆ ಬದಲಾವಣೆಗಳ ದಿನಚರಿ ಇಡುವ ಅಭ್ಯಾಸವಿಲ್ಲ, ಬರೆಯುವ ನಡುವೆ ಕಿತ್ತರೆ ಸರಿಪಡಿಸಲು ಹಿಂದಿನ ದಾಖಲೆ ಇರುವುದಿಲ್ಲ. ಕಾಪಿ ನಡುವೆ ಕರೆಂಟ್ ಹೋದರೂ ಇದೇ ಪರಿಣಾಮ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗಿಂತ ಬ್ಯಾಟರಿ ಇರುವ ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಕಾಪಿ ಮಾಡಿ.

ಎರಡನೆಯ ಕಾರಣ ಮೋಸ. ಕೆಲವೇ ನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಎಂದು ಮಾರುವವು. ಒಳಗಿರುವುದು ಸಣ್ಣ ಮೆಮೊರಿ, ದೊಡ್ಡ ಗಾತ್ರ ಹೇಳುವಂತೆ ಕಂಟ್ರೋಲರನ್ನು ತಿದ್ದಿರುತ್ತಾರೆ. ಮೊದಲು ಹಾಕಿದ ಫೈಲ್‌ಗಳು ಚೆನ್ನಾಗಿರುತ್ತವೆ, ಒಂದು ಮಿತಿಯ ನಂತರ ಹಾಕಿದವು ಹೆಸರಿಗೆ ಇರುತ್ತವೆ, ತೆರೆಯುವುದಿಲ್ಲ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ಉಪಕರಣಗಳು ಡ್ರೈವ್ ಪೂರ್ತಿ ತುಂಬಿ, ಓದಿ, ನಿಜ ಗಾತ್ರ ಹೇಳುತ್ತವೆ. ಹೊಸ ಡ್ರೈವ್ ಕೊಂಡ ದಿನವೇ ಮಾಡಿ, ಹಿಂತಿರುಗಿಸಲು ಅವಕಾಶ ಇರುವಾಗ.

ಕಾಪಿ ಜೋರಾಗಿ ಶುರುವಾಗಿ ಆಮೇಲೆ ತೆವಳುವುದು ಮಾತ್ರ ದೋಷವಲ್ಲ. ಅಗ್ಗದ ಪೆನ್‌ಡ್ರೈವ್‌ಗಳ ನಿಜವಾದ ಬರೆಯುವ ವೇಗ ಅಷ್ಟೇ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಎಸ್‌ಎಸ್‌ಡಿಯನ್ನು ತಂದು ಕೂಡಲೇ ಚುಚ್ಚಿದರೆ ಅದೂ ಬಿಸಿಗೆ ವೇಗ ತಗ್ಗಿಸುತ್ತದೆ. ತಣಿಯಲು ಬಿಡಿ, ಫ್ರಿಜ್‌ಗೆ ಇಡಬೇಡಿ. ಹೊರತೆಗೆದಾಗ ಒಳಗೆ ನೀರು ಹನಿಯುತ್ತದೆ.

## ಲಕ್ಷಣ: ಕಟ್ ಕಟ್ ಸದ್ದು, ಸುಟ್ಟ ವಾಸನೆ, ಮುಟ್ಟಲಾಗದ ಬಿಸಿ

ಪ್ರಯೋಗ ಇಲ್ಲಿಗೆ ಮುಗಿಯಿತು. ಕೇಬಲ್ ಕೀಳಿರಿ.

ಹಾರ್ಡ್‌ಡಿಸ್ಕ್‌ನ ಒಳಗೆ ತಿರುಗುವ ತಟ್ಟೆಗಳ ಮೇಲೆ ಓದುವ ತಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಕಟ್ ಕಟ್ ಎಂದರೆ ಆ ತಲೆ ತನ್ನ ಜಾಗ ಹುಡುಕಲಾಗದೆ ಮತ್ತೆ ಮತ್ತೆ ಹಿಂತಿರುಗುತ್ತಿದೆ. ಪ್ರತಿ ಸಲ ಚುಚ್ಚಿದಾಗಲೂ ತಟ್ಟೆಯ ಮೇಲೆ ಇನ್ನಷ್ಟು ಗೀರು ಬೀಳಬಹುದು. ಇನ್ನೊಂದು ಸಿಸ್ಟಮ್‌ಗೆ ಹಾಕಿ ನೋಡೋಣ ಎನ್ನುವ ಆಸೆಯನ್ನು ಅದುಮಿಕೊಳ್ಳಿ. ಮನೆಯಲ್ಲಿ ಮುಚ್ಚಳ ಬಿಚ್ಚುವಂತಿಲ್ಲ, ಒಂದು ಧೂಳಿನ ಕಣ ಸಾಕು ಉಳಿದದ್ದನ್ನೂ ಹಾಳು ಮಾಡಲು.

ಸದ್ದಿಲ್ಲ, ಡ್ರೈವ್ ಕಾಣುತ್ತದೆ, ಆದರೆ ಒಂದೊಂದು ಫೈಲ್ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತದೆ ಎಂದಾದರೆ ಕ್ರಿಸ್ಟಲ್ ಡಿಸ್ಕ್ ಇನ್ಫೊ ಅಥವಾ ಉಬುಂಟುವಿನ ಡಿಸ್ಕ್ಸ್‌ನಲ್ಲಿ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. ಪೆಂಡಿಂಗ್ ಸೆಕ್ಟರ್ (ಓದಲು ಕಷ್ಟವಾದ ಜಾಗ), ರಿಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿಸಿದ ಜಾಗ) ಎದುರು ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದು ಅದು ಏರುತ್ತಿದ್ದರೆ ಡಿಸ್ಕ್ ಹೋಗುವ ದಾರಿಯಲ್ಲಿದೆ. ಮೊದಲು ಅತಿ ಮುಖ್ಯವಾದ ಫೋಲ್ಡರ್, ಆಮೇಲೆ ಉಳಿದದ್ದು, ಆ ಕ್ರಮದಲ್ಲಿ ಕಾಪಿ ಮಾಡಿ. ಬಲ್ಲವರು ಲಿನಕ್ಸ್‌ನ ಡಿಡಿರೆಸ್ಕ್ಯೂನಿಂದ ಇಡೀ ಡಿಸ್ಕ್‌ನ ಪ್ರತಿ ತೆಗೆದು, ಹುಡುಕಾಟವನ್ನೆಲ್ಲ ಆ ಪ್ರತಿಯ ಮೇಲೆ ಮಾಡುತ್ತಾರೆ.

ಅಂಗಡಿಗೆ ಕೊಡುವಾಗ ಏನು ಕೇಳಬೇಕೆಂದು ತಿಳಿದಿರಲಿ. ತಂತ್ರಾಂಶದಿಂದ ಹಿಂಪಡೆಯುವವರು ದಾವಣಗೆರೆ, ಚಿತ್ರದುರ್ಗ ಎರಡೂ ಊರಿನಲ್ಲಿ ಸಿಗುತ್ತಾರೆ. ಓದುವ ತಲೆ ಬದಲಿಸುವ ಕೆಲಸಕ್ಕೆ ಧೂಳು ಸೋಸಿದ ಕ್ಲೀನ್ ರೂಮ್ ಬೇಕು, ಅದಕ್ಕೆ ನಮ್ಮ ಕಡೆಯವರು ಸಾಮಾನ್ಯವಾಗಿ ಬೆಂಗಳೂರಿಗೆ ಕಳಿಸಬೇಕಾಗುತ್ತದೆ. ಡ್ರೈವ್ ಕೊನೆಗೆ ಯಾವ ವ್ಯವಸ್ಥೆಯಲ್ಲಿತ್ತು, ಏನಾಯಿತು, ನೀವೇನು ಮಾಡಿ ನೋಡಿದಿರಿ, ಯಾವ ಫೋಲ್ಡರ್ ಮುಖ್ಯ ಎಂದು ಚೀಟಿಯಲ್ಲಿ ಬರೆದು ಕೊಡಿ. ಮೂಲ ಡಿಸ್ಕ್ ಮೇಲೆ ಏನನ್ನೂ ಬರೆಯುವುದಿಲ್ಲ ಎಂಬ ಮಾತು ತೆಗೆದುಕೊಳ್ಳಿ. ಸಿಗದಿದ್ದರೆ ಎಷ್ಟು ಹಣ, ಸಿಕ್ಕರೆ ಎಷ್ಟು ಎಂದು ಮೊದಲೇ ಕೇಳಿ. ಹಿಂಪಡೆದದ್ದನ್ನು ಹಾಕಿಕೊಡಲು ಹೊಸ ಡ್ರೈವ್ ಜೊತೆಗೇ ಕೊಡಿ, ಕೆಲಸ ಮುಗಿದ ಮೇಲೆ ಅವರ ಗಣಕದಲ್ಲಿ ಉಳಿದ ಪ್ರತಿಯನ್ನು ನಿಮ್ಮೆದುರಿಗೇ ಅಳಿಸಲು ಹೇಳಿ.